ಮಾಲೆ ಇಳಿದರೂ ಇಳಿಯದ ಕಾಯಿಲೆ

ಬಂಗಾಳದಲ್ಲಿ ಕಾಮಾಲೆ ಬಂದವರ ತಲೆಗೆ ಮಾಲೆ ಹಾಕುವ ಪದ್ಧತಿ ಇದೆ. ಹಳ್ಳಿಗಳಲ್ಲಷ್ಟೇ ಅಲ್ಲ, ಕೋಲ್ಕತ್ತದ ಆಸುಪಾಸಿನಲ್ಲೂ ಇದನ್ನು ನಂಬುವವರಿದ್ದಾರೆ. ಬಾಮುನ್‌ಹಾಟಿ ಎಂಬ ಗಿಡದ ಹಸಿ ಕಾಂಡವನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಒಂದೊಂದಕ್ಕೂ ದಾರ ಸುತ್ತಿ ಬಿಗಿದು ಮಾಲೆ ಕಟ್ಟುತ್ತಾರೆ. ಮೊದಲ ದಿನ ಅದು ನೆತ್ತಿಯ ಮೇಲೆ ಕೂರುವಷ್ಟೇ ಅಗಲ. ದಿನ ಕಳೆದಂತೆ ಉದ್ದವಾಗುತ್ತಾ ಹಣೆ ದಾಟಿ ಕೊರಳಿಗೆ, ಕೊರಳಿನಿಂದ ಎದೆಗೆ ಇಳಿಯುತ್ತದೆ. ಮಾಲೆ ಇಳಿದಷ್ಟೂ ಜಾಂಡೀಸ್ ಇಳಿಯಿತೆಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ.

ಮಾಲೆ ಇಳಿಯುವುದು ನಿಜ, ಕಾರಣ ಬೇರೆ. ಹಸಿ ಕಾಂಡ ಒಣಗಿ ಸೊರಗುತ್ತದೆ, ಬಿಗಿದ ಗಂಟು ಸಡಿಲವಾಗುತ್ತದೆ, ಸುತ್ತಿದ ದಾರ ಬಿಟ್ಟುಕೊಳ್ಳುತ್ತದೆ. ಗಟ್ಟಿಮುಟ್ಟಾದ ಆಳಿನ ತಲೆಗೆ ಹಾಕಿದರೂ ಅಷ್ಟೆ, ಗೋಡೆಯ ಮೊಳೆಗೆ ತೂಗುಹಾಕಿದರೂ ಅಷ್ಟೆ. ರೋಗಿಯ ಕೈ ತೊಳೆಸಿ ಹಳದಿ ನೀರು ಇಳಿಸಿ ತೋರಿಸುವ ಇನ್ನೊಂದು ವಿದ್ಯೆಯೂ ಅಲ್ಲಿದೆ. ಕೈಗೆ ಸುಣ್ಣ ಸವರಿ, ಮಾವಿನ ತೊಗಟೆಯ ರಸ ಬೆರೆಸಿದ ನೀರು ಸುರಿದರೆ ಯಾರ ಕೈಯಿಂದಲಾದರೂ ಹಳದಿ ಇಳಿಯುತ್ತದೆ. ನಮ್ಮ ಕಡೆ ಮಾಲೆ ಇಲ್ಲ. ಅದರ ಜಾಗದಲ್ಲಿ ಮುಂಗೈಗೆ ಬರೆ ಇದೆ, ಮೂಗಿಗೆ ಹಿಂಡುವ ಸೊಪ್ಪಿನ ರಸ ಇದೆ, ಬೆಳಗ್ಗೆ ಖಾಲಿ ಹೊಟ್ಟೆಗೆ ಕುಡಿಸುವ ನಾಟಿ ಔಷಧಿ ಇದೆ.

ಇವನ್ನೆಲ್ಲ ಮಾಡಿಸಿಕೊಂಡವರಲ್ಲಿ ಬಹುಪಾಲು ಜನ ಗುಣವಾಗುತ್ತಾರೆ ಎಂಬುದೂ ಸತ್ಯವೇ. ಕಲುಷಿತ ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಕೀರ್ತಿ ಮಾಲೆಗೆ ಹೋಗುತ್ತದೆ. ತೊಂದರೆ ಇರುವುದು ಉಳಿದವರಿಗೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡವರು, ಕ್ಷಯದ ಮಾತ್ರೆಯಿಂದ ಲಿವರ್ ಕೆಟ್ಟವರು, ತಿಂಗಳು ತುಂಬುತ್ತಿರುವ ಗರ್ಭಿಣಿಯರು ಇವರಿಗೆಲ್ಲ ಮಾಲೆ ಇಳಿಯಲು ಕಾಯುವ ದಿನಗಳು ಬಹಳ ದುಬಾರಿ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್ ಇ ತಗುಲಿದರೆ ಸಾವಿನ ಪ್ರಮಾಣ ಶೇ 20–25ರವರೆಗೂ ಹೋಗಬಹುದು. 1955–56ರಲ್ಲಿ ದೆಹಲಿಯ ಕುಡಿಯುವ ನೀರಿಗೆ ಕೊಳಚೆ ಸೇರಿ ಸುಮಾರು 29 ಸಾವಿರ ಮಂದಿಗೆ ಕಾಮಾಲೆ ಬಂದಾಗಲೂ ಹೆಚ್ಚು ಹೊಡೆತ ತಿಂದವರು ಬಸುರಿಯರು. ಅದರ ಹಿಂದಿದ್ದ ಹೆಪಟೈಟಿಸ್ ಇ ವೈರಸ್ಸಿಗೆ ಹೆಸರು ಬಂದದ್ದು ಅದೆಷ್ಟೋ ವರ್ಷಗಳ ನಂತರ.

ಮಾಲೆಯಾಗಲಿ ಬರೆಯಾಗಲಿ ಕಲಿಸಿಕೊಟ್ಟ ಇನ್ನೊಂದು ತಪ್ಪು ಪಾಠವಿದೆ: ಲಿವರ್ ಕಾಯಿಲೆ ಎಂದರೆ ಹಳದಿ ಎಂಬುದು. ಕೆಂಪು ರಕ್ತಕಣಗಳು ಸುಮಾರು 120 ದಿನ ಬಾಳಿ ಒಡೆದಾಗ ಹುಟ್ಟುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಲಿವರ್ ಪಿತ್ತದೊಂದಿಗೆ ಹೊರಹಾಕುತ್ತದೆ. ಆ ಕೆಲಸ ಕೆಟ್ಟರೆ, ಇಲ್ಲವೇ ದಾರಿ ಮುಚ್ಚಿದರೆ ಕಣ್ಣಿನ ಬಿಳಿಭಾಗ ಹಳದಿಯಾಗುತ್ತದೆ. ಆದರೆ ಒಂದೂಕಾಲು, ಒಂದೂವರೆ ಕಿಲೋ ತೂಗುವ ಈ ಅಂಗಕ್ಕೆ ಧಾರಾಳವಾದ ಮೀಸಲು ಶಕ್ತಿ ಇದೆ. ವರ್ಷಾನುಗಟ್ಟಲೆ ಗಾಯವಾಗಿ, ಗಾಯವಾದಲ್ಲೆಲ್ಲ ನಾರು ಬೆಳೆದು, ಇಡೀ ಲಿವರ್ ಗಂಟುಗಂಟಾಗಿ ಸಿರೋಸಿಸ್ ಹಂತ ತಲುಪಿದ ಮೇಲೂ ಕಣ್ಣು ಬೆಳ್ಳಗೇ ಇರಬಹುದು, ಹಸಿವು ಸರಿಯಾಗೇ ಇರಬಹುದು, ಮನುಷ್ಯ ದಿನವೂ ಕೆಲಸಕ್ಕೆ ಹೋಗಿ ಬರುತ್ತಿರಬಹುದು. ಹೆದರಬೇಕಾದದ್ದು ಆ ಸದ್ದಿಲ್ಲದ ಗಟ್ಟಿತನಕ್ಕೆ. ಅದನ್ನು ಹುಡುಕುವುದು ಹೇಗೆ ಎಂಬ ವಿಷಯದಲ್ಲಿ ಕೋಲ್ಕತ್ತ ದೇಶಕ್ಕೆ ಬಹಳಷ್ಟು ಕಲಿಸಿದೆ.

ಅಲ್ಲಿನ ಲಿವರ್ ಚರಿತ್ರೆ ಹಳೆಯದು. 1887ರಲ್ಲಿ ಕಲ್ಕತ್ತದ ವೈದ್ಯ ಸೇನ್ ಎಳೆಯ ಮಕ್ಕಳ ಲಿವರ್ ಗಟ್ಟಿಯಾಗಿ ಸಾಯುವ ವಿಚಿತ್ರ ಕಾಯಿಲೆಯನ್ನು ದಾಖಲಿಸಿದರು. ಮುಂದೆ ಇದು ‘ಭಾರತೀಯ ಮಕ್ಕಳ ಸಿರೋಸಿಸ್’ ಎಂದೇ ಹೆಸರಾಯಿತು. ದಕ್ಷಿಣದಲ್ಲೂ ಅದರ ಭಯ ಎಷ್ಟಿತ್ತೆಂದರೆ, ಮದರಾಸಿನ ಜಮ್ಮಿ ಲಿವರ್ ಕ್ಯೂರ್ ಎಂಬ ಔಷಧಿಯ ಹೆಸರು ಹಳೆಯ ತಲೆಮಾರಿನ ತಾಯಂದಿರಿಗೆ ಚೆನ್ನಾಗಿ ಗೊತ್ತಿತ್ತು. ಸುಮಾರು ನೂರು ವರ್ಷಗಳ ನಂತರ, 1980ರ ದಶಕದಲ್ಲಿ ಪುಣೆಯಲ್ಲಿ ನಡೆದ ಸಂಶೋಧನೆ ಅಡುಗೆಮನೆಯ ಕಡೆ ಬೆರಳು ತೋರಿತು. ಈ ಮಕ್ಕಳ ಲಿವರ್‌ನಲ್ಲಿ ತಾಮ್ರ ವಿಪರೀತವಾಗಿ ತುಂಬಿತ್ತು. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಯಿಸಿ ಇಟ್ಟ ಹಸು–ಎಮ್ಮೆಯ ಹಾಲು ಎಳೆಗೂಸುಗಳ ಹೊಟ್ಟೆ ಸೇರುತ್ತಿತ್ತು. ವರ್ಷಕ್ಕೊಮ್ಮೆ ಕಲಾಯಿ ಹಾಕಿಸಲು ಅಜ್ಜಿಯರು ಹಟ ಹಿಡಿಯುತ್ತಿದ್ದುದು ಬರೀ ಕಿಲುಬಿನ ರುಚಿಗಾಗಿ ಎಂದುಕೊಳ್ಳಬೇಕಿಲ್ಲ. ಆ ತವರದ ಪದರ ಹಾಲಿಗೂ ತಾಮ್ರಕ್ಕೂ ನಡುವೆ ನಿಲ್ಲುತ್ತಿತ್ತು. ಸ್ಟೀಲ್ ಪಾತ್ರೆಗಳು ಬಂದಂತೆ, ತಾಯಿಹಾಲಿನ ತಿಳಿವಳಿಕೆ ಹಬ್ಬಿದಂತೆ ಕಾಯಿಲೆ ಹೆಚ್ಚುಕಡಿಮೆ ಮಾಯವಾಯಿತು. ತಾಮ್ರದ ಪಾತ್ರೆಗಳು ಮತ್ತೆ ಆರೋಗ್ಯದ ಹೆಸರಿನಲ್ಲಿ ಮಾರಾಟವಾಗುತ್ತಿರುವ ಈ ಕಾಲದಲ್ಲಿ ಎಳೆಮಕ್ಕಳಿರುವ ಮನೆಯವರು ಇದನ್ನು ನೆನಪಿಡುವುದು ಒಳ್ಳೆಯದು.

ಬಂಗಾಳದ ಇನ್ನೊಂದು ಕಥೆ ನೀರಿನದು. ಕೋಲ್ಕತ್ತದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನ ಚರ್ಮರೋಗ ತಜ್ಞ ಕೆ.ಸಿ. ಸಾಹಾ 1980ರ ದಶಕದ ಆರಂಭದಲ್ಲಿ ಹಳ್ಳಿಗರ ಚರ್ಮದ ಮೇಲಿನ ಕಲೆಗಳಿಗೆ ಕೊಳವೆಬಾವಿಯ ಆರ್ಸೆನಿಕ್ ಕಾರಣವೆಂದು ಗುರುತಿಸಿದರು. ಅದೇ ನಗರದ ಡಾ. ಡಿ.ಎನ್. ಗುಹಾ ಮಜುಂದಾರ್ ಅಂಥವರ ಹೊಟ್ಟೆ ಮುಟ್ಟಿ ನೋಡಿದರು. ಆರ್ಸೆನಿಕ್ ಬೆರೆತ ನೀರು ಕುಡಿದ ಮನೆಗಳ 67 ಜನರಲ್ಲಿ 62 ಜನರ ಲಿವರ್ ದೊಡ್ಡದಾಗಿತ್ತು. ಅದೇ ಊರಿನಲ್ಲಿ ಒಳ್ಳೆಯ ನೀರು ಕುಡಿದ 96 ಜನರಲ್ಲಿ ಆರು ಮಂದಿಗೆ ಮಾತ್ರ ಹಾಗಿತ್ತು. ಒಂದೇ ಊರು, ಒಂದೇ ಊಟ, ಬೇರೆ ಬಾವಿ. ಮನೆಯ ಮಕ್ಕಳೂ ಮುದುಕರೂ ಕುಡಿದದ್ದು ಅದೇ ನೀರು. ಕರ್ನಾಟಕದಲ್ಲಿ ರಾಯಚೂರು–ಯಾದಗಿರಿಯ ಚಿನ್ನದ ಗಣಿ ಸೀಮೆಯ ಕೆಲವು ಹಳ್ಳಿಗಳ ಅಂತರ್ಜಲದಲ್ಲೂ ಆರ್ಸೆನಿಕ್ ಸಿಕ್ಕಿದೆ.

‘ಲಿವರ್ ಹಾಳಾಗುವುದು ಕುಡುಕರಿಗೆ’ ಎಂಬ ನಂಬಿಕೆಗೆ ದೊಡ್ಡ ಪೆಟ್ಟು ಕೊಟ್ಟದ್ದು ಬೀರಭೂಮ್ ಜಿಲ್ಲೆ.  ಕೋಲ್ಕತ್ತದ ಎಸ್‌ಎಸ್‌ಕೆಎಂ ಆಸ್ಪತ್ರೆಯ ಜೀರ್ಣಾಂಗ ಮತ್ತು ಲಿವರ್ ರೋಗಗಳ ವಿಭಾಗದ ಡಾ. ಅಭಿಜಿತ್ ಚೌಧರಿ ಮತ್ತು ಸಂಗಡಿಗರು ಬೀರಭೂಮ್‌ನ ಹಳ್ಳಿಗಳಲ್ಲಿ 1,911 ಜನರ ಲಿವರ್ ಪರೀಕ್ಷಿಸಿದರು. ಹೆಚ್ಚಿನವರು ಬಡವರು, ತೆಳ್ಳಗಿನ ಮೈಯವರು. ಮದ್ಯದ ಸಂಬಂಧವಿಲ್ಲದ ಫ್ಯಾಟಿ ಲಿವರ್ ಇಂಥವರಲ್ಲಿ ಯಾಕೆ ಇರುತ್ತದೆ ಎಂದೇ ಯಾರಾದರೂ ಅಂದುಕೊಳ್ಳುವುದು. ಶೇ 8.7 ಜನರಲ್ಲಿ ಅದು ಇತ್ತು. ಹಾಗೆ ಇದ್ದವರಲ್ಲಿ ನಾಲ್ಕನೇ ಮೂರು ಪಾಲಿನವರ ಬಿಎಂಐ 25ಕ್ಕಿಂತ ಕಡಿಮೆ. ಅರ್ಧಕ್ಕಿಂತ ಹೆಚ್ಚು ಜನರಿಗೆ ತೂಕವೂ ಹೆಚ್ಚಿರಲಿಲ್ಲ, ಹೊಟ್ಟೆಯೂ ಬಂದಿರಲಿಲ್ಲ. 2010ರಲ್ಲಿ ಪ್ರಕಟವಾದ ಈ ಅಧ್ಯಯನದ ನಂತರ ‘ತೆಳ್ಳಗಿದ್ದೇನೆ, ಕುಡಿಯುವುದಿಲ್ಲ, ನನಗೇಕೆ ಲಿವರ್ ಚಿಂತೆ’ ಎಂಬ ಮಾತಿಗೆ ಬಲ ಉಳಿಯಲಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2021ರಲ್ಲಿ ಫ್ಯಾಟಿ ಲಿವರ್ ಅನ್ನು ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು.

ಹಾಗೆಂದು ಸ್ಕ್ಯಾನಿಂಗ್ ವರದಿಯಲ್ಲಿ ‘ಗ್ರೇಡ್ ಒನ್ ಫ್ಯಾಟಿ ಲಿವರ್’ ಎಂದು ಕಂಡ ಕೂಡಲೇ ಎದೆ ಹೊಡೆದುಕೊಳ್ಳುವುದೂ ಬೇಡ. ಕೊಬ್ಬು ಕೂತವರಲ್ಲಿ ಸಣ್ಣ ಪಾಲಿನವರಿಗೆ ಮಾತ್ರ ಲಿವರ್ ಗಟ್ಟಿಯಾಗುವ ದಾರಿ ಹಿಡಿಯುತ್ತದೆ. ಯಾರಿಗೆ ಎಂಬುದೇ ಪ್ರಶ್ನೆ. ಇಲ್ಲಿ ಎಲ್ಲರೂ ಎಡವುವುದು ಲ್ಯಾಬ್ ವರದಿಯ ಮುಂದೆ. ‘ಲಿವರ್ ಫಂಕ್ಷನ್ ಟೆಸ್ಟ್’ ಎಂದು ಬರುವ ಹಾಳೆಯಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಎರಡು ಸಂಖ್ಯೆಗಳ ಮೇಲೇ ಎಲ್ಲರ ಕಣ್ಣು. ಅವು ಲಿವರ್‌ನ ಕೆಲಸವನ್ನು ಅಳೆಯುವುದಿಲ್ಲ. ಜೀವಕೋಶಗಳಿಗೆ ಪೆಟ್ಟಾಗಿ ಒಳಗಿನ ಕಿಣ್ವ ರಕ್ತಕ್ಕೆ ಸೋರಿದ್ದನ್ನು ಹೇಳುತ್ತವೆ. ಲಿವರ್ ಕೆಲಸ ಮಾಡುತ್ತಿದೆಯೇ ಎಂದು ಹೇಳುವುದು ಬಿಲಿರುಬಿನ್, ಅದು ತಯಾರಿಸುವ ಆಲ್ಬುಮಿನ್, ಮತ್ತು ರಕ್ತ ಹೆಪ್ಪುಗಟ್ಟುವ ವೇಗ ತೋರಿಸುವ ಪಿಟಿ–ಐಎನ್‌ಆರ್. ಹಲವು ಪ್ಯಾಕೇಜುಗಳಲ್ಲಿ ಕೊನೆಯದು ಇರುವುದೇ ಇಲ್ಲ.

ಕಾಗದ–ಪೆನ್ನು ಹಿಡಿದು ನೋಡಬಹುದಾದ ಒಂದು ಲೆಕ್ಕ ಇದೆ. ವೈದ್ಯರು ಅದನ್ನು ಫಿಬ್–4 ಎನ್ನುತ್ತಾರೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಬೇಕು. ಎಸ್‌ಜಿಪಿಟಿಯ ವರ್ಗಮೂಲವನ್ನು ಪ್ಲೇಟ್‌ಲೆಟ್ ಸಂಖ್ಯೆಯಿಂದ (ಸಾವಿರದ ಲೆಕ್ಕದಲ್ಲಿ) ಗುಣಿಸಬೇಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. ಉದಾಹರಣೆಗೆ ಇಬ್ಬರನ್ನು ಕಲ್ಪಿಸಿಕೊಳ್ಳಿ. ಮೊದಲನೆಯವರಿಗೆ 40 ವರ್ಷ, ಎಸ್‌ಜಿಒಟಿ 36, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ ಎರಡೂವರೆ ಲಕ್ಷ. ಎಸ್‌ಜಿಪಿಟಿಯ ಕೆಳಗೆ ಲ್ಯಾಬ್‌ನವರು ದಪ್ಪ ಗೆರೆ ಎಳೆದಿರುತ್ತಾರೆ, ಮನೆಯಲ್ಲಿ ಗಾಬರಿ. ಲೆಕ್ಕ ಹಾಕಿದರೆ 1,440 ಭಾಗಿಸು 2,000, ಅಂದರೆ 0.72. ಎರಡನೆಯವರಿಗೆ 52 ವರ್ಷ, ಎಸ್‌ಜಿಒಟಿ 60, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ ಒಂದು ಲಕ್ಷ ಇಪ್ಪತ್ತು ಸಾವಿರ. ಎಸ್‌ಜಿಪಿಟಿ ಮೊದಲಿನವರಿಗಿಂತ ಕಡಿಮೆ. ‘ಸ್ವಲ್ಪ ಏರಿದೆ ಅಷ್ಟೇ’ ಎನ್ನುವ ಹಾಗಿದೆ. ಲೆಕ್ಕದಲ್ಲಿ 3,120 ಭಾಗಿಸು 840, ಸುಮಾರು 3.7. ಈ ಸಂಖ್ಯೆ 1.3ಕ್ಕಿಂತ ಕೆಳಗಿದ್ದರೆ ಲಿವರ್ ತೀವ್ರವಾಗಿ ಗಟ್ಟಿಯಾಗಿರುವ ಸಂಭವ ಕಡಿಮೆ. 2.67 ದಾಟಿದರೆ ತಜ್ಞರನ್ನು ಕಾಣಲೇಬೇಕು. ನಡುವೆ ಇದ್ದವರಿಗೆ ಫೈಬ್ರೋಸ್ಕ್ಯಾನ್ ಎಂಬ, ಸೂಜಿ ಚುಚ್ಚದೆ ಲಿವರ್‌ನ ಗಟ್ಟಿತನ ಅಳೆಯುವ ಪರೀಕ್ಷೆ ಸಹಾಯ ಮಾಡುತ್ತದೆ. 35 ವರ್ಷದೊಳಗಿನವರಿಗೆ ಈ ಲೆಕ್ಕ ಅಷ್ಟಾಗಿ ಹೊಂದುವುದಿಲ್ಲ. 65 ದಾಟಿದವರಿಗೆ 1.3ರ ಬದಲು 2ರ ಗೆರೆ. ಡೆಂಗಿಯಂಥ ಜ್ವರದ ನಡುವೆ ಮಾಡಿಸಿದ ರಕ್ತಪರೀಕ್ಷೆಗೂ ಇದನ್ನು ಹಚ್ಚಬಾರದು.

ಲಿವರ್ ಲೆಕ್ಕದಲ್ಲಿ ಪ್ಲೇಟ್‌ಲೆಟ್‌ಗೆ ಏನು ಕೆಲಸ ಎಂದು ಅನ್ನಿಸಬಹುದು. ಕರುಳಿನ ರಕ್ತ ಗಟ್ಟಿಯಾದ ಲಿವರ್ ಒಳಗೆ ಸರಾಗವಾಗಿ ನುಗ್ಗಲಾರದೆ ಹಿಂದಕ್ಕೆ ಒತ್ತುತ್ತದೆ. ಗುಲ್ಮ ಊದಿಕೊಂಡು ಪ್ಲೇಟ್‌ಲೆಟ್‌ಗಳನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಜ್ವರವಿಲ್ಲದೆ ತಿಂಗಳುಗಟ್ಟಲೆ ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಕೆಳಗೇ ಇದ್ದರೆ ಪಪ್ಪಾಯಿ ಎಲೆಯ ರಸ ಹುಡುಕುವ ಮೊದಲು ಲಿವರ್ ನೋಡಿಸಬೇಕು. ಅದೇ ಒತ್ತಡ ಅನ್ನನಾಳದ ರಕ್ತನಾಳಗಳನ್ನು ಉಬ್ಬಿಸುತ್ತದೆ. ಅವು ಒಡೆದಾಗ ರೋಗಿ ರಕ್ತ ವಾಂತಿ ಮಾಡುತ್ತಾರೆ, ಇಲ್ಲವೇ ಟಾರಿನಂತೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯ ಮಲ ಹೋಗುತ್ತದೆ. ಕಬ್ಬಿಣದ ಮಾತ್ರೆ ತಿನ್ನುವವರಿಗೂ ಮಲ ಕಪ್ಪಾಗುವುದುಂಟು, ಆದರೆ ಅಂಟು ಇರುವುದಿಲ್ಲ. ಅನುಮಾನ ಬಂದರೆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು, ಬೆಳಗಾಗಲಿ ಎನ್ನುವ ಮಾತಿಲ್ಲ.

ಹಾಗೆ ಆ ಕ್ಷಣವೇ ಹೊರಡಬೇಕಾದ ಸಂದರ್ಭಗಳು ಇನ್ನೂ ಕೆಲವಿವೆ. ಕಾಮಾಲೆ ಇರುವವರು ಹಗಲೆಲ್ಲ ಮಲಗಿ ರಾತ್ರಿಯೆಲ್ಲ ಎದ್ದಿರಲು ಶುರು ಮಾಡಿದರೆ, ಮಾತು ತಡವರಿಸಿದರೆ, ಮನೆಯವರ ಹೆಸರು ತಪ್ಪಿದರೆ ಅದನ್ನು ಸುಸ್ತು ಎಂದುಕೊಳ್ಳಬಾರದು. ಲಿವರ್ ಸೋಸದ ವಿಷ ಮಿದುಳಿಗೆ ತಲುಪಿದೆ. ಕಾಮಾಲೆಯ ಜೊತೆ ಚಳಿಜ್ವರ, ಬಲಪಕ್ಕೆಯ ನೋವು ಇದ್ದರೆ ಪಿತ್ತನಾಳದ ಸೋಂಕು ಇರಬಹುದು, ಮಲೇರಿಯಾ ಅಥವಾ ಇಲಿಜ್ವರವೂ ಇರಬಹುದು. ಗರ್ಭಿಣಿಗೆ ಕಾಮಾಲೆ ಬಂದರೆ ಅದು ಯಾವ ಹಂತದ್ದೇ ಇರಲಿ, ದೊಡ್ಡ ಆಸ್ಪತ್ರೆಯೇ ಸರಿ. ಇಲಿ ಪಾಷಾಣ ನುಂಗಿದವರು, ಪ್ಯಾರಸಿಟಮಾಲ್ ಹಿಡಿಗಟ್ಟಲೆ ನುಂಗಿದವರು ಮೊದಲ ದಿನ ಚೆನ್ನಾಗಿಯೇ ಕಾಣುತ್ತಾರೆ. ಲಿವರ್ ಕೈಕೊಡುವುದು ಎರಡು ಮೂರು ದಿನಗಳ ನಂತರ. ಪ್ಯಾರಸಿಟಮಾಲ್‌ಗೆ ಪ್ರತಿಮದ್ದು ಇದೆ, ಬೇಗ ಕೊಟ್ಟಷ್ಟೂ ಫಲ ಹೆಚ್ಚು.

ಇಷ್ಟು ಅವಸರವಿಲ್ಲದಿದ್ದರೂ ತಜ್ಞರ ಬಳಿಗೆ ಹೋಗಬೇಕಾದವರು ಬೇರೆ. ಹೊಟ್ಟೆಯಲ್ಲಿ ಮೊದಲ ಸಲ ನೀರು ತುಂಬಿದವರು ಅವರಲ್ಲಿ ಮುಖ್ಯರು. ನೀರು ತೆಗೆಸಿ, ಮೂತ್ರದ ಮಾತ್ರೆ ತಗೊಂಡು ವರ್ಷ ದೂಡಿದ ಮೇಲೆ ಲಿವರ್ ಕಸಿಯ ಮಾತು ಎತ್ತಿದರೆ ಎಷ್ಟೋ ಸಲ ಹೊತ್ತು ಮೀರಿರುತ್ತದೆ. ಮಲ ಬೆಳ್ಳಗಾಗಿ, ಮೂತ್ರ ಗಾಢವಾಗಿ, ಮೈಯೆಲ್ಲ ತುರಿಸುವ ಕಾಮಾಲೆ ಪಿತ್ತನಾಳ ಕಟ್ಟಿರುವುದರ ಗುರುತು. ಎಸ್‌ಜಿಪಿಟಿ ಆರು ತಿಂಗಳಾದರೂ ಇಳಿಯದವರು, ಸಕ್ಕರೆ ಕಾಯಿಲೆಯ ಜೊತೆ ಫ್ಯಾಟಿ ಲಿವರ್ ಇರುವವರು, ಸಿರೋಸಿಸ್ ಎಂದು ಗೊತ್ತಾದವರು ಕೂಡ ಹೋಗಬೇಕು. ಸಿರೋಸಿಸ್ ಇರುವವರಿಗೆ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸಬೇಕಾಗಿರುವುದು ಲಿವರ್ ಕ್ಯಾನ್ಸರ್ ಅನ್ನು ಚಿಕ್ಕದಿರುವಾಗಲೇ ಹಿಡಿಯುವುದಕ್ಕೆ. ಇನ್ನು ಬಿಲಿರುಬಿನ್ ಎರಡು, ಎರಡೂವರೆ ಇದ್ದು ಉಳಿದದ್ದೆಲ್ಲ ಸರಿಯಿರುವ, ಉಪವಾಸ ಮಾಡಿದಾಗ ಸ್ವಲ್ಪ ಏರುವ ಹುಟ್ಟುಗುಣವೊಂದಿದೆ. ಗಿಲ್ಬರ್ಟ್ ಎಂದು ಅದರ ಹೆಸರು. ಒಮ್ಮೆ ಖಚಿತಪಡಿಸಿಕೊಂಡರೆ ಸಾಕು, ಜೀವನವಿಡೀ ಪಥ್ಯ ಮಾಡಬೇಕಿಲ್ಲ.

ಪಥ್ಯದ ವಿಷಯದಲ್ಲಿ ಕೋಲ್ಕತ್ತಕ್ಕೂ ಕರ್ನಾಟಕಕ್ಕೂ ವ್ಯತ್ಯಾಸ ಕಡಿಮೆ. ಅಲ್ಲಿಯೂ ಕಬ್ಬಿನ ಹಾಲು, ಬೇಯಿಸಿದ ಪರಂಗಿಕಾಯಿ, ಎಣ್ಣೆ–ಅರಿಶಿನ ಇಲ್ಲದ ಸಪ್ಪೆ ಊಟ. ಬೀದಿಯ ಕಬ್ಬಿನ ಹಾಲಿನ ಐಸು ಮತ್ತು ಲೋಟ ತೊಳೆದ ನೀರೇ ಕಾಮಾಲೆ ತರಬಹುದು ಎಂಬುದನ್ನು ಇಲ್ಲಿ ಯಾರೂ ಯೋಚಿಸುವುದಿಲ್ಲ. ಸಿರೋಸಿಸ್ ರೋಗಿಗೆ ಬೇಳೆ, ಮೊಟ್ಟೆ, ಮೀನು ನಿಲ್ಲಿಸುವುದಂತೂ ನೇರ ಹಾನಿ. ಅವರ ಸ್ನಾಯು ಕರಗುತ್ತಿರುತ್ತದೆ. ದಿನಕ್ಕೆ ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ಮಲಗುವ ಮುನ್ನ ಒಂದು ಸಣ್ಣ ಊಟವೂ ಬೇಕು. ಕಡಿಮೆ ಮಾಡಬೇಕಾದದ್ದು ಉಪ್ಪು, ಅದೂ ಹೊಟ್ಟೆಯಲ್ಲಿ ನೀರಿದ್ದವರಿಗೆ. ಮೈಕೈ ನೋವಿನ ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳನ್ನು ಇವರು ಮುಟ್ಟಬಾರದು, ಕಿಡ್ನಿಗೆ ಕುತ್ತು. ವೈದ್ಯರು ಹೇಳಿದ ಮಿತಿಯಲ್ಲಿ ಪ್ಯಾರಸಿಟಮಾಲ್ ಅದಕ್ಕಿಂತ ಕ್ಷೇಮ.

ಗಿಡಮೂಲಿಕೆಗಳ ಬಗ್ಗೆ ಭಾವನೆ ಬದಿಗಿಟ್ಟು ಮಾತಾಡಬೇಕು. ಬಂಗಾಳಿ ತಾಯಂದಿರು ಮಕ್ಕಳಿಗೆ ಕುಡಿಸುವ ಕಾಲಮೇಘ್ ನಮ್ಮ ನೆಲಬೇವು. ನಮ್ಮ ನೆಲನೆಲ್ಲಿಯನ್ನು ಮದರಾಸಿನ ವಿಜ್ಞಾನಿಗಳು ಹೆಪಟೈಟಿಸ್ ಬಿ ಮೇಲೆ ಪ್ರಯೋಗಿಸಿ 1988ರಲ್ಲಿ ದೊಡ್ಡ ಆಸೆ ಹುಟ್ಟಿಸಿದ್ದರು. ಆ ವೈರಸ್ ಕಂಡುಹಿಡಿದು ನೊಬೆಲ್ ಪಡೆದ ಬ್ಲಂಬರ್ಗ್ ಕೂಡ ಅದರಲ್ಲಿ ಆಸಕ್ತಿ ತಳೆದಿದ್ದರು. ಬೇರೆ ಕಡೆಗಳಲ್ಲಿ ಮತ್ತೆ ಪ್ರಯೋಗ ಮಾಡಿದಾಗ ಆ ಫಲ ಸಿಗಲಿಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದ ಕೆಲವರಿಗೆ ಲಿವರ್ ಉರಿಯೂತವಾದದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದ ಏನೇ ಇರಲಿ, ಲಿವರ್ ಈಗಾಗಲೇ ಸೋತವರು ಏನೆಂದು ಗೊತ್ತಿಲ್ಲದ ಪುಡಿ ತಿನ್ನುವುದು ಅಪಾಯ.

ನಿಜವಾದ ಔಷಧಿ ಇರುವ ಕಡೆ ಜನ ಹೋಗದಿರುವುದೇ ದುಃಖದ ಸಂಗತಿ. ಹೆಪಟೈಟಿಸ್ ಸಿ ಈಗ ಸಾಮಾನ್ಯವಾಗಿ 12 ವಾರಗಳ ಮಾತ್ರೆಯಲ್ಲಿ ನೂರಕ್ಕೆ 95ರಷ್ಟು ಜನರಲ್ಲಿ ಪೂರ್ತಿ ವಾಸಿಯಾಗುತ್ತದೆ. ಬಿ ವಾಸಿಯಾಗುವುದು ಅಪರೂಪ, ಆದರೆ ಮಾತ್ರೆಯಿಂದ ಹತೋಟಿಯಲ್ಲಿರುತ್ತದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಎರಡಕ್ಕೂ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತ. ತಾಯಿಗೆ ಬಿ ಇದ್ದರೆ ಮಗುವಿಗೆ ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಬೀಳಬೇಕು. 2001ಕ್ಕೆ ಮೊದಲು ರಕ್ತ ಹಾಕಿಸಿಕೊಂಡವರು ಒಮ್ಮೆ ಸಿ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ರಕ್ತನಿಧಿಗಳಲ್ಲಿ ಆ ತಪಾಸಣೆ ಕಡ್ಡಾಯವಾದದ್ದೇ ಆಗ. ಮನೆಯಲ್ಲಿ ಒಬ್ಬರಿಗೆ ಬಿ ಇದೆಯೆಂದರೆ ಗಂಡ–ಹೆಂಡತಿ, ಮಕ್ಕಳು, ಒಡಹುಟ್ಟಿದವರು ಎಲ್ಲರಿಗೂ ಪರೀಕ್ಷೆ ಆಗಬೇಕು. ಒಟ್ಟಿಗೆ ಊಟ ಮಾಡಿದರೆ ಅದು ಅಂಟುವುದಿಲ್ಲ. ತಟ್ಟೆ ಬೇರೆ ಇಡುವುದು ರೋಗಿಗೆ ಮಾಡುವ ಅನ್ಯಾಯ.

ತಜ್ಞರಿಲ್ಲದ ಊರುಗಳಲ್ಲಿ ಯಾರು ದಾರಿ ತೋರಿಸಬೇಕು? 2006ರಲ್ಲಿ ಶುರುವಾದ ಪಶ್ಚಿಮ ಬಂಗಾಳದ ಲಿವರ್ ಫೌಂಡೇಷನ್ ಇದಕ್ಕೆ ವಿವಾದದ ಉತ್ತರವೊಂದನ್ನು ಹುಡುಕಿತು. ಪದವಿಯಿಲ್ಲದೆ ಸೂಜಿ ಚುಚ್ಚುವ ಹಳ್ಳಿ ಡಾಕ್ಟರುಗಳಿಗೆ ಒಂಬತ್ತು ತಿಂಗಳು ತರಬೇತಿ ಕೊಟ್ಟಿತು. ಕೋಲ್ಕತ್ತದಲ್ಲಿ ಓದಿ ಬೆಳೆದ ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತಿತರರು ಬೀರಭೂಮ್‌ನಲ್ಲಿ ಇಂಥ 304 ಜನರನ್ನು ಪರೀಕ್ಷೆಗೆ ಒಡ್ಡಿ, ಗುಟ್ಟಾಗಿ ರೋಗಿಗಳಂತೆ ನಟಿಸುವವರನ್ನು ಕಳಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ತರಬೇತಿ ಪಡೆದವರು ರೋಗಿಗಳನ್ನು ಸರಿಯಾಗಿ ನೋಡಿಕೊಳ್ಳುವುದು ಹೆಚ್ಚಿತ್ತು. ಬೇಡದ ಔಷಧಿ ಬರೆಯುವ ಚಾಳಿ ಮಾತ್ರ ಹಾಗೆಯೇ ಇತ್ತು. ವೈದ್ಯರ ಸಂಘಟನೆಗಳಿಗೆ ಈ ದಾರಿ ಇಷ್ಟವಿಲ್ಲ. ಆದರೆ ಕಾಮಾಲೆಯವನ ಮಾತು ತಡವರಿಸುವುದನ್ನು ಮೊದಲು ನೋಡುವ ಜಾಗದಲ್ಲಿ ಇವರೇ ಇರುವಾಗ, ‘ಇದು ನನ್ನ ಕೈಯಲ್ಲಿಲ್ಲ, ಕರೆದುಕೊಂಡು ಹೋಗಿ’ ಎನ್ನಲು ಅವರಿಗೆ ಕಲಿಸುವುದು ಜೀವ ಉಳಿಸುವ ಕೆಲಸವೇ.

ತಜ್ಞರನ್ನು ಕಾಣಲು ಎಸ್‌ಎಸ್‌ಕೆಎಂಗೇ ಹೋಗಿ, ಬೆಂಗಳೂರಿನ ವಿಕ್ಟೋರಿಯಾ ಆವರಣದ ಸರ್ಕಾರಿ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆಗೇ ಹೋಗಿ, ಫೈಲಿನಲ್ಲಿ ಇರಬೇಕಾದದ್ದು ಒಂದೇ. ಕಳೆದ ಮೂರು ನಾಲ್ಕು ವರ್ಷಗಳ ರಕ್ತಪರೀಕ್ಷೆಗಳು, ಒಂದೊಂದರ ತಾರೀಖಿನ ಸಮೇತ. ಪ್ಲೇಟ್‌ಲೆಟ್ ಇಳಿದ ದಾರಿ ಅದರಲ್ಲೇ ಕಾಣುತ್ತದೆ. ಹಳೆಯ ಸ್ಕ್ಯಾನಿಂಗ್ ವರದಿಗಳು. ತಿನ್ನುತ್ತಿರುವ ಎಲ್ಲ ಮಾತ್ರೆಗಳ ಹಾಳೆ, ನಾಟಿ ಔಷಧಿಯ ಸೀಸೆ, ಜಿಮ್‌ನವರು ಕೊಟ್ಟ ಪುಡಿಯ ಡಬ್ಬಿ, ನಾಚಿಕೆಪಡದೆ ಎಲ್ಲವೂ. ಕುಡಿಯುವವರಾದರೆ ಎಷ್ಟು, ಎಷ್ಟು ವರ್ಷದಿಂದ ಎಂಬ ನಿಜ. ಕುಡಿತ ಬಿಟ್ಟವರ ಲಿವರ್ ಸಿರೋಸಿಸ್ ಹಂತದಲ್ಲೂ ಚೇತರಿಸಿಕೊಳ್ಳುವುದುಂಟು, ಚಿಕಿತ್ಸೆ ಶುರುವಾಗುವುದು ಆ ಉತ್ತರದಿಂದಲೇ.